ತುಮಕೂರು ಕಡೆ ಬಿಸಿಲಲ್ಲಿ ಜಾತ್ರೆ, ತೇರು, ಟೂರ್ನಮೆಂಟ್: ಹುಷಾರಾಗಿ ಹೋಗಿ ಬರೋದು ಹೇಗೆ

ಶಿವರಾತ್ರಿ ಬಂತು ಅಂದ್ರೆ ನಮ್ ಜಿಲ್ಲೇಲಿ ಮನೇಲಿ ಕೂರೋಕೆ ಯಾರಿಗೂ ಪುರುಸೊತ್ತಿರಲ್ಲ. ಸಿದ್ಧಗಂಗೆ ಜಾತ್ರೆ, ಅದಾದ್ಮೇಲೆ ದೇವರಾಯನದುರ್ಗದ ತೇರು, ಯುಗಾದಿ ಕಳೆದ ಮೇಲೆ ಎಡೆಯೂರು, ಮಧ್ಯ ಮಧ್ಯ ಊರೂರಲ್ಲಿ ಅಮ್ಮನ ಹಬ್ಬ, ಶಾಮಿಯಾನ ಹಾಕಿರೋ ಮದ್ವೆಗಳು, ಭಾನುವಾರ ಆದ್ರೆ ಒಣಗಿದ ಕೆರೆ ಅಂಗಳದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್. ಎಲ್ಲಾ ನೆತ್ತಿ ಸುಡೋ ಬಿಸಿಲಲ್ಲೇ.

"ನಮ್ದೇನು ರಾಯಚೂರಾ, ಬೆಂಗಳೂರಿನ ಪಕ್ಕದಲ್ಲೇ ಇದೀವಿ" ಅನ್ನೋರು ಜಾಸ್ತಿ, ಅಲ್ಲೇ ಯಾಮಾರೋದು. ನಾವು ಸಮುದ್ರ ಮಟ್ಟದಿಂದ 800 ಮೀಟರ್ ಮೇಲಿರೋದು ನಿಜ, ಆದ್ರೆ ಇಲ್ಲಿನ ಬೇಸಿಗೆ ಗಾಳಿ ಒಣ ಗಾಳಿ. ಮಂಗಳೂರಲ್ಲಾದ್ರೆ ಅಂಗಿ ತೊಪ್ಪೆಯಾಗುತ್ತೆ, ಬೆವರ್ತಿದೀನಿ ಅಂತ ಗೊತ್ತಾಗುತ್ತೆ. ಇಲ್ಲಿ ಬೆವರು ಬಂದ ತಕ್ಷಣ ಆರೋಗುತ್ತೆ, ಮೈಯಿಂದ ನೀರು ಹೋಗ್ತಿರೋದೇ ತಿಳಿಯಲ್ಲ. ಸಂಜೆ ಅಂಗಿ ಬಿಚ್ಚಿ ಕಾಲರ್, ಬೆನ್ನು ನೋಡಿ, ಬಿಳಿ ಗೆರೆ ಗೆರೆಯಾಗಿ ಉಪ್ಪು ಕೂತಿರುತ್ತೆ. ಇನ್ನು ಪಾವಗಡದ ಬಿಸಿಲಿನ ಬಗ್ಗೆ ನಾನೇನು ಹೇಳ್ಲಿ, 2,050 ಮೆಗಾವ್ಯಾಟ್ ಸೋಲಾರ್ ಪಾರ್ಕನ್ನ ಅಲ್ಲಿ ಸುಮ್ನೆ ಹಾಕಿಲ್ಲ!

ಹಾಗಾಗಿ ಬಾಯಾರಿದ ಮೇಲೆ ಕುಡಿದ್ರಾಯ್ತು ಅನ್ನೋ ಲೆಕ್ಕ ಬಿಡಿ. ಹಿಂದಿನ ರಾತ್ರಿಯಿಂದಲೇ ಚೆನ್ನಾಗಿ ನೀರು ಕುಡೀರಿ, ಬೆಳಗ್ಗೆ ಹೊರಡೋಕ್ ಮುಂಚೆ ಎರಡು ಲೋಟ, ಆಮೇಲೆ ಬಿಸಿಲಲ್ಲಿ ಓಡಾಡೋರು, ತೇರಿನ ಹಗ್ಗ ಹಿಡಿಯೋರು, ಫೀಲ್ಡಿಂಗ್ ನಿಲ್ಲೋರು ಇಪ್ಪತ್ತು ನಿಮಿಷಕ್ಕೊಂದ್ ಸಲ ಒಂದು ಲೋಟ. ಬರೀ ನೀರು ಲೀಟರ್‌ಗಟ್ಲೆ ಕುಡಿದ್ರೂ ಸಾಲಲ್ಲ, ಬೆವರಲ್ಲಿ ಉಪ್ಪೂ ಹೋಗಿರುತ್ತಲ್ಲ. ಉಪ್ಪು ಹಾಕಿದ ಮಜ್ಜಿಗೆ ಬೆಸ್ಟ್. ಎಳನೀರು ಒಳ್ಳೇದೇ, ತಿಪಟೂರು ಇರೋ ಜಿಲ್ಲೇಲಿ ಅದಕ್ಕೆ ಬರಾನೂ ಇಲ್ಲ, ಆದ್ರೆ ಅದ್ರಲ್ಲಿ ಪೊಟ್ಯಾಷಿಯಂ ಜಾಸ್ತಿ, ಸೋಡಿಯಂ ಕಮ್ಮಿ, ಹಾಗಾಗಿ ಅದೊಂದನ್ನೇ ನಂಬ್ಕೋಬೇಡಿ. ಕಿಡ್ನಿ ತೊಂದ್ರೆ ಇರೋರಂತೂ ಡಾಕ್ಟರನ್ನ ಕೇಳದೆ ಎಳನೀರು ಕುಡಿಯೋಕೆ ಹೋಗ್ಬೇಡಿ. ಬ್ಯಾಗಲ್ಲಿ ಎರಡು ಓಆರ್‌ಎಸ್ ಪ್ಯಾಕೆಟ್ ಇರ್ಲಿ, ದೊಡ್ಡ ಪ್ಯಾಕೆಟ್ ಆದ್ರೆ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸ್ಕೊಂಡು ಕುಡಿಯೋದಲ್ಲ. ಪ್ಯಾಕೆಟ್ ಇಲ್ವಾ, ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟವಾಗಿ ಅಳೆದು ಹಾಕಿ.

ಒಂದು ವಿಷಯ ಯಾರೂ ಬಾಯಿ ಬಿಟ್ಟು ಹೇಳಲ್ಲ. ಹೆಂಗಸರು ಜಾತ್ರೇಲಿ ನೀರೇ ಕುಡಿಯಲ್ಲ, ಯಾಕಂದ್ರೆ ಟಾಯ್ಲೆಟ್ ಇರಲ್ಲ. ಬೆಳಗ್ಗೆಯಿಂದ ಸಂಜೆವರೆಗೂ ತಡ್ಕೊಂಡು, ತಲೆನೋವು, ಉರಿಮೂತ್ರ ಅಂತ ಮನೆಗ್ ಬರ್ತಾರೆ. ಹೋಗೋಕ್ ಮುಂಚೆನೇ ಊರಲ್ಲಿ ಪರಿಚಯದೋರ ಮನೆ, ಹೋಟ್ಲು, ಬಸ್ ಸ್ಟ್ಯಾಂಡ್ ಯಾವ್ದಿದೆ ವಿಚಾರಿಸಿಟ್ಕೊಳ್ಳಿ. ಸಮಿತಿಯೋರಿಗೆ ನನ್ನ ಮಾತು ಇಷ್ಟೇ, ಆರ್ಕೆಸ್ಟ್ರಾಗೆ ಖರ್ಚು ಮಾಡೋ ದುಡ್ಡಲ್ಲಿ ಒಂದ್ ಭಾಗ ನಾಲ್ಕು ಮೊಬೈಲ್ ಟಾಯ್ಲೆಟ್‌ಗೆ ಇಡಿ ಸ್ವಾಮಿ.

ಅರವಟ್ಟಿಗೆ ಕಂಡ ತಕ್ಷಣ ನುಗ್ಗಬೇಡಿ, ಒಂದ್ ನಿಮಿಷ ನಿಂತು ನೋಡಿ. ನಲ್ಲಿ ಇರೋ ಡ್ರಮ್ಮು, ಮೇಲೆ ಮುಚ್ಚಳ ಇದ್ರೆ ಧೈರ್ಯವಾಗಿ ಕುಡೀರಿ. ಬಂದೋರೆಲ್ಲ ಎಂಜಲು ಲೋಟನೇ ಪಾನಕದೊಳಗೆ ಅದ್ದಿ ತಗೋತಿದ್ರೆ, ಜೊತೆಗೆ ಕೈಯ ಬೆರಳೂ ಮುಳುಗ್ತಿದ್ರೆ, ನಮಸ್ಕಾರ ಹಾಕಿ ಮುಂದೆ ಹೋಗಿ. ಕಬ್ಬಿನ ಹಾಲಿನ ಗಾಡಿ ಹತ್ರ ಐಸ್ ನೋಡಿ. ಗೋಣಿಚೀಲದಲ್ಲಿ ಸುತ್ತಿದ ದಪ್ಪ ಗಡ್ಡೆ, ಅದನ್ನ ನೆಲದ ಮೇಲಿಟ್ಟು ಸುತ್ತಿಗೇಲಿ ಕುಟ್ಟಿ ಅದೇ ಕೈಯಲ್ಲಿ ಗ್ಲಾಸಿಗೆ ಹಾಕ್ತಾರೆ. ಐಸ್ ಬೇಡ ಅಂತ ಹೇಳಿದ್ರೆ ಅರ್ಧ ಭಯ ಕಮ್ಮಿ. ಕತ್ತರಿಸಿಟ್ಟ ಕಲ್ಲಂಗಡಿ ಬೇಡ, ಕಣ್ಣೆದುರಿಗೆ ಕುಯ್ಸಿ. ಮೊಸರನ್ನ, ಚಿತ್ರಾನ್ನ ಕಟ್ಕೊಂಡು ಹೋಗೋರು ಕಾರಿನ ಡಿಕ್ಕಿಲಿಟ್ಟು ಮಧ್ಯಾಹ್ನ ಎರಡಕ್ಕೆ ತೆಗೀಬೇಡಿ, ಆ ಬಿಸಿಲಲ್ಲಿ ಒಂದು ಗಂಟೆಗೇ ಕೆಡೋಕೆ ಶುರುವಾಗುತ್ತೆ.

ಬಟ್ಟೆ ಬಗ್ಗೆ ಜಾಸ್ತಿ ಹೇಳೋದಿಲ್ಲ, ತೆಳು ಕಾಟನ್ನು, ತಲೆ ಮೇಲೆ ಟವೆಲ್ಲೋ ಛತ್ರಿನೋ. ದೇವಸ್ಥಾನದ ಕಲ್ಲು ಹಾಸು ಮಧ್ಯಾಹ್ನ ಕಾದ ಹೆಂಚು, ಮಕ್ಕಳ ಪಾದ ಬೊಬ್ಬೆ ಬಂದುಬಿಡುತ್ತೆ, ಎತ್ಕೊಳ್ಳಿ. ಶುಗರ್ ಇರೋರಿಗೆ ಪಾದ ಮರಗಟ್ಟಿರುತ್ತೆ, ಸುಟ್ಟಿದ್ದು ಗೊತ್ತೇ ಆಗಲ್ಲ, ಹಳೇ ಸಾಕ್ಸ್ ಹಾಕ್ಕೊಂಡು ಹೋಗಿ. ತೇರು ಎಳೆಯುವಾಗ ಚಕ್ರದ ಪಕ್ಕ ಬೇಡವೇ ಬೇಡ, ಬಾಳೆಹಣ್ಣು ದವನ ದೂರದಿಂದಲೇ ಎಸೀರಿ. ಮಗುವಿನ ಕೈ ಮೇಲೆ ಪೆನ್ನಲ್ಲಿ ಫೋನ್ ನಂಬರ್ ಬರೀರಿ.

ಈಗ ಮುಖ್ಯವಾದ್ದು. ತಲೆ ಸುತ್ತು, ವಾಕರಿಕೆ, ಮೀನಖಂಡ ಹಿಡ್ಕೊಳೋದು, ವಿಪರೀತ ಸುಸ್ತು ಇದ್ರೆ ನೆರಳಿಗೆ ಕರ್ಕೊಂಡು ಹೋಗಿ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಆದ್ರೆ ಮನುಷ್ಯ ಏನೇನೋ ಮಾತಾಡ್ತಿದ್ರೆ, ಹೆಸ್ರು ಕೇಳಿದ್ರೆ ತಡವರಿಸ್ತಿದ್ರೆ, ಮೈ ಕೆಂಡದಂಗಿದ್ರೆ, ಅದು ಸುಸ್ತಲ್ಲ, ಹೀಟ್ ಸ್ಟ್ರೋಕು. ಮೈಯೊಳಗಿನ ಶಾಖ 40 ಡಿಗ್ರಿ ದಾಟಿರುತ್ತೆ, ಪ್ರಾಣಕ್ಕೇ ಅಪಾಯ. "ದೇವರು ಮೈಮೇಲೆ ಬಂದಿದೆ", "ಕುಡಿದವ್ನೆ" ಅಂತ ನೋಡ್ತಾ ನಿಲ್ಲಬೇಡಿ. ಒಬ್ರು 108ಕ್ಕೆ ಫೋನ್ ಮಾಡಿ, ಉಳಿದೋರು ಬಟ್ಟೆ ಸಡಿಲ ಮಾಡಿ ಮೈ ತುಂಬಾ ನೀರು ಸುರೀರಿ, ಟವೆಲ್ಲಲ್ಲಿ ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆ ಸಂದಿಗೆ ಐಸ್ ಒತ್ತಿ (ಕಬ್ಬಿನ ಗಾಡಿ ಐಸು ಈಗ ಕೆಲ್ಸಕ್ಕೆ ಬರುತ್ತೆ). ಆಂಬುಲೆನ್ಸ್ ಬರೋವರೆಗೂ ತಂಪು ಮಾಡ್ತಾನೇ ಇರಿ. ಪ್ಯಾರಾಸಿಟಮಾಲ್ ಕೊಡ್ಬೇಡಿ, ಇದು ಜ್ವರ ಅಲ್ಲ, ಕೆಲ್ಸ ಮಾಡಲ್ಲ. ಪ್ರಜ್ಞೆ ಸರಿಯಿಲ್ದೋರ ಬಾಯಿಗೆ ನೀರು ಹಾಕ್ಬೇಡಿ, ಶ್ವಾಸಕ್ಕೆ ಹೋಗುತ್ತೆ. ಬಿಪಿ ಮಾತ್ರೆ, ಅದ್ರಲ್ಲೂ ಮೂತ್ರ ಜಾಸ್ತಿ ಮಾಡೋ ಮಾತ್ರೆ ತಗೊಳ್ಳೋ ಹಿರಿಯರಿಗೆ ಇದು ಬೇಗ ಆಗುತ್ತೆ, ಅವರನ್ನ ಬೆಳಗ್ಗೆ ಹತ್ತರೊಳಗೆ ದರ್ಶನ ಮಾಡಿಸ್ಕೊಂಡು ಕರ್ಕೊಂಡ್ ಬಂದ್ಬಿಡಿ.

ಬೆಟ್ಟದ ಮೇಲೆ, ಗೋಪುರದಲ್ಲಿ ಹೆಜ್ಜೇನಿದ್ರೆ ಪಟಾಕಿ, ಹೊಗೆ ಬೇಡ. ಎದ್ರೆ ಮುಖ ಮುಚ್ಕೊಂಡು ಓಡಿ, ಕೈ ಬೀಸ್ತಾ ನಿಲ್ಲಬೇಡಿ. ಕಚ್ಚಿದ ಮೇಲೆ ಉಸಿರು ಕಟ್ಟಿದ್ರೆ, ತುಟಿ ಊದಿದ್ರೆ ಸೀದಾ ಆಸ್ಪತ್ರೆ.

ಏಪ್ರಿಲ್, ಮೇನಲ್ಲಿ ಸಂಜೆ ಮಳೆ ಇದ್ದಿದ್ದೇ. ಗುಡುಗು ಕೇಳಿಸ್ತು ಅಂದ್ರೆ ಮ್ಯಾಚ್ ಆಗ್ಲಿ, ಮೆರವಣಿಗೆ ಆಗ್ಲಿ ನಿಲ್ಲಿಸಿ. ಹುಣಸೆಮರದ ಕೆಳಗೂ ಬೇಡ, ಕಬ್ಬಿಣದ ಕಂಬದ ಶಾಮಿಯಾನದಲ್ಲೂ ಬೇಡ, ಆರ್‌ಸಿಸಿ ಮನೆಯೊಳಗೋ ಗಾಜು ಏರಿಸಿದ ಕಾರೊಳಗೋ ಹೋಗಿ. ಕೊನೇ ಗುಡುಗಾದ ಮೇಲೆ ಅರ್ಧ ಗಂಟೆ ಒಳಗೇ ಇರಿ, ಕೊನೇ ಓವರ್ ಬಾಕಿ ಇದ್ರೂ ಸರಿ.