ಟಕ್ಕರ್ ಎಂಬ ಸರ್‌ನೇಮ್ ಹಿಡಿದು ಹೊರಟಾಗ

ಇಂಗ್ಲಿಷ್ ಸರ್‌ನೇಮ್‌ಗೆ ಅರ್ಥ ಹುಡುಕೋದು ಅರ್ಧ ಗಂಟೆಯ ಕೆಲಸ. ಆ ಹೆಸರು ಹೊತ್ತ ಮನೆಯವರು ಯಾವ ಊರಿಂದ ಬಂದರು ಅಂತ ಹಿಡಿಯೋದೇ ನಿಜವಾದ ಕೆಲಸ. ಹಳೇ ದಾಖಲೆ ಕೆದಕೋದು ನನಗೆ ಮೊದಲಿಂದಲೂ ಹುಚ್ಚು. ಅದು ಗೊತ್ತಿದ್ದ ಗೆಳೆಯನೊಬ್ಬನ ತಾಯಿ ತಮ್ಮ ತವರಿನ ಹೆಸರನ್ನು ನನ್ನ ಕೈಗೆ ಕೊಟ್ಟರು: ಟಕ್ಕರ್. ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆತನ. ‘ಏನು, ಟಕ್ಕರ್ ಕೊಡ್ತೀಯಾ?’ ಅಂತ ಶಾಲೆಯಲ್ಲಿ ರೇಗಿಸಿಕೊಂಡೇ ಬೆಳೆದವರು ಆಂಟಿ. ಹೆಸರಿನ ಹಿಂದೆ ಏನೋ ದೊಡ್ಡದಿದೆ ಅನ್ನೋ ಆಸೆ ಅವರಿಗೆ.

ಆ ಆಸೆಗೆ ನೀರೆರೆಯುವವರು ಬೇಕಾದಷ್ಟು ಜನ ಇದ್ದಾರೆ. ಟಕ್ಕರ್ ಅಂದರೆ ಫ್ರೆಂಚ್‌ನಲ್ಲಿ ‘ಎದೆಗಾರ’ ಅಂತ ಬರೆದು, ಜೊತೆಗೊಂದು ಮನೆತನದ ಲಾಂಛನವನ್ನೂ (ಕೋಟ್ ಆಫ್ ಆರ್ಮ್ಸ್) ಫ್ರೇಮ್ ಹಾಕಿ ಮಾರುತ್ತಾರೆ. ಎರಡನ್ನೂ ನಂಬಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಆಮೇಲೆ ಅದು ಅವನ ವಂಶಕ್ಕೆ ಸೇರುತ್ತದೆ. ಒಂದೇ ಸರ್‌ನೇಮ್ ಇದೆ ಅಂತ ಎಲ್ಲರೂ ಹಾಕಿಕೊಳ್ಳೋ ಹಾಗಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು 1484ರಿಂದಲೂ ಲಂಡನ್ನಿನಲ್ಲಿ ಕಾಲೇಜ್ ಆಫ್ ಆರ್ಮ್ಸ್ ಅಂತ ಒಂದು ಸಂಸ್ಥೆಯೇ ಇದೆ.

ನಿಘಂಟು ಹೇಳುವ ಅರ್ಥ ಬೇರೆ, ನನ್ನ ಮಟ್ಟಿಗೆ ಅದೇ ಚೆಂದ. ಟಕ್ಕರ್ ಅನ್ನೋದು ಕಸುಬಿನ ಹೆಸರು, ಉಣ್ಣೆ ಬಟ್ಟೆ ಬಡಿದು ಗಟ್ಟಿ ಮಾಡುವವನು ಅಂತ. ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆ ಜಾಳುಜಾಳಾಗಿ, ಜಿಡ್ಡಾಗಿ ಇರುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ಜಿಡ್ಡು ಹೀರುವ ಒಂದು ಬಗೆಯ ಜೇಡಿ ಮಣ್ಣು ಹಾಕಿ, ಗಂಟೆಗಟ್ಟಲೆ ತುಳಿಯಬೇಕು ಇಲ್ಲವೇ ಬಡಿಯಬೇಕು. ಹಳಸಿದ ಮೂತ್ರವನ್ನೂ ಹಾಕುತ್ತಿದ್ದರು, ಅದರಲ್ಲಿನ ಅಮೋನಿಯ ಜಿಡ್ಡು ಬಿಡಿಸುತ್ತದೆ ಅಂತ. ಅದಕ್ಕಾಗಿ ಮನೆ ಮನೆಯಿಂದ ಮೂತ್ರ ಸಂಗ್ರಹಿಸುತ್ತಿದ್ದರಂತೆ! ಕೊನೆಗೆ ಬಟ್ಟೆ ಕುಗ್ಗಿ, ಎಳೆಗಳು ಒಂದಕ್ಕೊಂದು ಕೂಡಿಕೊಂಡು ದಪ್ಪಗಾಗುತ್ತದೆ. ಆಮೇಲೆ ಸಾಲು ಕೊಕ್ಕೆ ಹೊಡೆದ ಮರದ ಚೌಕಟ್ಟಿಗೆ ಎಳೆದು ಬಿಗಿದು ಒಣಗಿಸುವುದು. ನಮ್ಮ ಉತ್ತರ ಕರ್ನಾಟಕದ ಕುರುಬರು ಕಂಬಳಿಗೆ ಹುಣಸೆ ಬೀಜದ ಗಂಜಿ ಕುಡಿಸಿ ಗಟ್ಟಿ ಮಾಡುತ್ತಾರಲ್ಲ, ಹಾಗೆ ಬಟ್ಟೆಗೆ ಮೈ ಬರಿಸುವ ಕೆಲಸ. ಆಂಟಿಗೆ ಹೇಳಿದಾಗ ಮೂತ್ರದ ವಿಷಯಕ್ಕೆ ಮುಖ ಸಿಂಡರಿಸಿದರು. ‘ಎದೆಗಾರನೇ ಇರಲಿ ಬಿಡಪ್ಪ’ ಅಂದರು.

ಮಜಾ ಇರೋದು ಮುಂದೆ. ಈ ಒಂದೇ ಕಸುಬಿಗೆ ಇಂಗ್ಲೆಂಡಿನಲ್ಲಿ ಸೀಮೆಗೊಂದು ಹೆಸರು. ಉತ್ತರದಲ್ಲಿ ವಾಕರ್, ತುಳಿಯುವವನು ಅಂತ. ಆಗ್ನೇಯದ ಕೆಂಟ್, ಸಸೆಕ್ಸ್ ಕಡೆ ಫುಲ್ಲರ್. ನೈಋತ್ಯದ ಡೆವನ್, ಸಾಮರ್ಸೆಟ್, ಕಾರ್ನ್‌ವಾಲ್‌ನಲ್ಲಿ ಟಕ್ಕರ್. ಡೆವನ್ನಿನ ಎಕ್ಸೆಟರ್ ಪಟ್ಟಣದಲ್ಲಿ 1471ರ ಟಕ್ಕರ್ಸ್ ಹಾಲ್ ಇವತ್ತಿಗೂ ನಿಂತಿದೆ. ಅದು ನೇಕಾರರು, ಟಕ್ಕರ್‌ಗಳು, ಬಟ್ಟೆಯ ಜೂಲು ಕತ್ತರಿಸುವವರು ಎಲ್ಲ ಸೇರಿ ಕಟ್ಟಿಕೊಂಡ ಸಂಘದ ಮನೆ. ಸುಮಾರು 1400ರ ಹೊತ್ತಿಗೆ ಇಂಗ್ಲೆಂಡಿನ ಬಹುಪಾಲು ಕಡೆ ಇಂಥ ಕಸುಬಿನ ಹೆಸರುಗಳು ಅಪ್ಪನಿಂದ ಮಗನಿಗೆ ಇಳಿಯುವ ಸರ್‌ನೇಮ್‌ಗಳಾದವು. ನಮ್ಮ ಬಡಿಗೇರ, ಕಮ್ಮಾರ, ಕುಂಬಾರ, ಹೂಗಾರರ ಹಾಗೆ ಕಸುಬು ಬಿಟ್ಟರೂ ಹೆಸರು ಉಳಿಯಿತು.

ಈ ಸೀಮೆಯ ಗುರುತನ್ನು ಕಣ್ಣಾರೆ ನೋಡಬೇಕು ಅಂದರೆ 1881ರ ಜನಗಣತಿ ತೆಗೆಯಿರಿ. ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟಿನಲ್ಲಿ ಹೆಸರು ಹೆಸರಾಗಿ, ಪುಕ್ಕಟೆ ಸಿಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಎಲ್ಲಿ ಎಷ್ಟು ಟಕ್ಕರ್‌ಗಳಿದ್ದಾರೆ ಅಂತ ಸುಮ್ನೆ ಎಣಿಸಿದರೆ ದೊಡ್ಡ ಊರು ಲೆಕ್ಕ ಕೆಡಿಸುತ್ತದೆ. ಆಗ ಲಂಡನ್ನಿನಲ್ಲಿ 38 ಲಕ್ಷ ಜನ, ಡೆವನ್ನಿನಲ್ಲಿ ಬರೀ 6 ಲಕ್ಷ. ಹಾಗಾಗಿ ಪ್ರತಿ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಸೀಮೆಯಲ್ಲಿ, ಲಕ್ಷಕ್ಕೆ ಎಷ್ಟು ಅಂತ ತೆಗೆಯಬೇಕು. ಹಾಗೆ ತೆಗೆದಾಗ ಡೆವನ್ ಎದ್ದು ಕಂಡಿತು, ಅಕ್ಕಪಕ್ಕದ ಕೌಂಟಿಗಳು ಅದರ ಹಿಂದೆ. ಯಾರ್ಕ್‌ಷೈರ್‌ನಲ್ಲಿ ವಾಕರ್‌ಗಳದ್ದೇ ರಾಜ್ಯ. ಇಡೀ ದೇಶದ ಲೆಕ್ಕದಲ್ಲೂ ವಾಕರ್ ಮೊದಲ ಇಪ್ಪತ್ತರ ಆಸುಪಾಸಿನ ಹೆಸರು. ಟಕ್ಕರ್ ಅಷ್ಟು ಸಾಮಾನ್ಯವಲ್ಲ. ಹುಡುಕುವವರಿಗೆ ಅದೇ ಅನುಕೂಲ. ಸ್ಮಿತ್ ಆಗಿದ್ದರೆ ನಾನು ಕೈ ಹಾಕುತ್ತಲೇ ಇರಲಿಲ್ಲ.

ಕೆಜಿಎಫ್ ಕಡೆಯಿಂದ ನೋಡಿದರೂ ಬಾಣದ ಗುರುತು ನೈಋತ್ಯಕ್ಕೇ ಇತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಚಿನ್ನದ ಗಣಿಗೆ ಕೈ ಹಾಕಿದಾಗ ಕಾರ್ನ್‌ವಾಲ್‌ನ ಗಣಿಗಾರರು ಬಂದರು. ಅಲ್ಲಿ ತಾಮ್ರ, ತವರದ ಬೆಲೆ ಬಿದ್ದು ಗಣಿಗಳು ಮುಚ್ಚುತ್ತಿದ್ದವು. ಪ್ರಪಂಚದ ಎಲ್ಲಾ ಗಣಿಗಳಲ್ಲೂ ಅವರಿಗೆ ‘ಕಸಿನ್ ಜ್ಯಾಕ್’ ಅಂತಲೇ ಅಡ್ಡಹೆಸರು.

ಆದರೆ ಸೀಮೆ ಗೊತ್ತಾದರೆ ಸಾಲದು, ಮನೆ ಬೇಕು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಪಾದ್ರಿಗಳು ಬ್ಯಾಪ್ಟಿಸಂ (ದೀಕ್ಷಾಸ್ನಾನ), ಮದುವೆ, ಶವಸಂಸ್ಕಾರದ ದಾಖಲೆಗಳ ನಕಲು ಮಾಡಿ ಕಳಿಸಬೇಕಿತ್ತು, ಅವು ಲಂಡನ್ ತಲುಪುತ್ತಿದ್ದವು. ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ. ಬಂಗಾಳಕ್ಕೆ ಎನ್/1, ಮದ್ರಾಸಿಗೆ ಎನ್/2, ಬೊಂಬಾಯಿಗೆ ಎನ್/3 ಅಂತ ಸಾಲು. ನಮ್ಮ ಕಡೆಯದ್ದನ್ನು ಮದ್ರಾಸಿನ ಸಾಲಲ್ಲಿ ನೋಡಬೇಕು. ಬ್ಯಾಪ್ಟಿಸಂಗಿಂತ ಮದುವೆಯ ದಾಖಲೆಯೇ ಜಾಸ್ತಿ ಉಪಯೋಗ, ಯಾಕಂದ್ರೆ ಅದರಲ್ಲಿ ಗಂಡು ಹೆಣ್ಣು ಇಬ್ಬರ ಅಪ್ಪಂದಿರ ಹೆಸರೂ ಇರುತ್ತದೆ. ಕಾರ್ನ್‌ವಾಲ್‌ನವರಲ್ಲಿ ಮೆಥಡಿಸ್ಟ್ ಅನ್ನೋ ಪ್ರಾಟೆಸ್ಟೆಂಟ್ ಪಂಗಡದವರು ಬಹಳ. ಅವರ ಚರ್ಚಿನ ಪುಸ್ತಕಗಳೆಲ್ಲ ಈ ಸಾಲಿಗೆ ಸೇರಿಲ್ಲ, ಹಾಗಾಗಿ ಸಿಗದಿದ್ದರೆ ಚರ್ಚಿಗೇ ಹೋಗಿ ಕೇಳಬೇಕು.

ಆಂಟಿಯ ಮುತ್ತಜ್ಜನ ಮದುವೆ ದಾಖಲೆ ಸಿಕ್ಕಿತು. ಕಸುಬು: ಗಣಿಗಾರ. ಅಪ್ಪನ ಹೆಸರು ವಿಲಿಯಂ ಟಕ್ಕರ್, ಅದರಿಂದ ಏನೂ ಪ್ರಯೋಜನವಿಲ್ಲ, ಬೀದಿಗೊಬ್ಬ ವಿಲಿಯಂ. ನನ್ನ ಕಣ್ಣು ನಿಂತಿದ್ದು ಮುತ್ತಜ್ಜನ ನಡುವಿನ ಹೆಸರಿನ ಮೇಲೆ: ಪೆಂಗೆಲ್ಲಿ. ಟ್ರೆ, ಪೊಲ್, ಪೆನ್ ಅಂತ ಶುರುವಾಗುವ ಸರ್‌ನೇಮ್ ಕಂಡರೆ ಕಾರ್ನ್‌ವಾಲ್‌ನವರು ಅಂತ ಅಲ್ಲಿ ಗಾದೆಯೇ ಇದೆ. ತಾಯಿಯ ತವರಿನ ಹೆಸರನ್ನು ಮಗುವಿಗೆ ನಡುವೆ ಇಡುವ ರೂಢಿಯೂ ಇಂಗ್ಲಿಷರಲ್ಲಿ ಇತ್ತು. ಅಂದರೆ ಈ ವಿಲಿಯಂ ಮದುವೆಯಾಗಿದ್ದು ಪೆಂಗೆಲ್ಲಿ ಮನೆಯ ಹುಡುಗಿಯನ್ನು ಇರಬೇಕು.

ಇಂಗ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಶುರುವಾಗಿದ್ದು 1837ರ ಜುಲೈ 1ರಂದು. ಅದರ ಸೂಚಿ ಫ್ರೀಬಿಎಂಡಿ ಅನ್ನೋ ವೆಬ್‌ಸೈಟಿನಲ್ಲಿ ಪುಕ್ಕಟೆ. 1912ಕ್ಕಿಂತ ಮೊದಲು ಮದುವೆಯ ಸೂಚಿಯಲ್ಲಿ ಯಾರು ಯಾರನ್ನು ಮದುವೆಯಾದರು ಅಂತ ಬರೆದಿರುವುದಿಲ್ಲ. ಗಂಡನ ಹೆಸರು ಒಂದು ಕಡೆ, ಹೆಂಡತಿಯದ್ದು ಇನ್ನೊಂದು ಕಡೆ. ಇಬ್ಬರಿಗೂ ಒಂದೇ ಜಿಲ್ಲೆ, ಒಂದೇ ಸಂಪುಟ, ಒಂದೇ ಪುಟದ ಸಂಖ್ಯೆ ಇದ್ದರೆ ಜೋಡಿ ಇರಬಹುದು. 1852ರಿಂದೀಚೆಗೆ ಕಾರ್ನ್‌ವಾಲ್‌ನ ಸಂಪುಟ 5ಸಿ. ರೆಡ್‌ರುತ್ ನೋಂದಣಿ ಜಿಲ್ಲೆಯಲ್ಲಿ ವಿಲಿಯಂ ಟಕ್ಕರ್ ಇದ್ದ ಪುಟದಲ್ಲೇ ಒಬ್ಬ ಪೆಂಗೆಲ್ಲಿಯೂ ಕಂಡಳು. ಆಮೇಲೆ ಜನಗಣತಿಯಲ್ಲಿ ಇಡೀ ಮನೆ ಸಿಕ್ಕಿತು. ಕ್ಯಾಂಬೋರ್ನ್ ಊರು, ಅಪ್ಪ ತವರದ ಗಣಿಗಾರ, ಮಗನ ಹೆಸರಿನಲ್ಲಿ ಅದೇ ಪೆಂಗೆಲ್ಲಿ.

ಕ್ಯಾಂಬೋರ್ನ್ ಪಕ್ಕದ ಹಳ್ಳಿಯ ಹೆಸರು ಟಕಿಂಗ್‌ಮಿಲ್. ಬಟ್ಟೆ ಬಡಿಯುವ ಗಿರಣಿಯಿಂದ ಬಂದ ಹೆಸರದು. ಗಣಿಯಲ್ಲಿ ಮದ್ದು ಸಿಡಿಸುವ ಸುರಕ್ಷಿತ ಬತ್ತಿಯನ್ನು ವಿಲಿಯಂ ಬಿಕ್‌ಫೋರ್ಡ್ 1831ರಲ್ಲಿ ಕಂಡುಹಿಡಿದಿದ್ದು ಅಲ್ಲೇ. ಗೆಳೆಯ ಕುಣಿದಾಡಿಬಿಟ್ಟ, ಇದೇ ನಮ್ಮ ಮೂಲ ಅಂತ. ಅಷ್ಟು ಸಲೀಸಾಗಿ ನಾನು ಒಪ್ಪಲಿಲ್ಲ. ನೈಋತ್ಯದಲ್ಲಿ ಇಂಥ ಗಿರಣಿ ಹಳ್ಳಿ ಹಳ್ಳಿಯಲ್ಲೂ ಇದ್ದವು, ಎಲ್ಲ ಟಕ್ಕರ್‌ಗಳೂ ಒಂದೇ ಬಳ್ಳಿಯವರಲ್ಲ. ಐರ್ಲೆಂಡಿನ ಒಂದು ಹಳೇ ಹೆಸರು ಇಂಗ್ಲಿಷಿಗೆ ತಿರುಗಿ ಟಕ್ಕರ್ ಆಗಿದೆ, ಕೆಲವು ಯಹೂದಿ ಮನೆತನಗಳೂ ತಮ್ಮ ಹೆಸರನ್ನು ಹೀಗೆ ಬದಲಿಸಿಕೊಂಡಿವೆ.

ಇದಕ್ಕಿಂತ ಹಿಂದಕ್ಕೆ ಹೋಗಲು ಊರೂರಿನ ಚರ್ಚ್ ಇಟ್ಟ ಪ್ಯಾರಿಷ್ ರಿಜಿಸ್ಟರ್‌ಗಳೇ ಗತಿ. 1538ರಿಂದ ಇಡಬೇಕು ಅಂತ ಹುಕುಂ ಆಗಿತ್ತು, ಎಲ್ಲಾ ಊರಲ್ಲೂ ಅಷ್ಟು ಹಳೆಯವು ಉಳಿದಿಲ್ಲ. ಅಲ್ಲಿ ಟೂಕರ್, ಟೋಕರ್ ಅಂತೆಲ್ಲ ಕಾಗುಣಿತ ಬದಲಾಗಿ ಬರುತ್ತದೆ. ಇನ್ನೊಂದು ದಾರಿ ಡಿಎನ್‌ಎ. ಸರ್‌ನೇಮ್ ಇಳಿಯುವ ಹಾಗೇ ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಇಳಿಯುತ್ತದೆ, ಆದ್ದರಿಂದ ಆಂಟಿಯದ್ದಾಗಲಿ ಗೆಳೆಯನದ್ದಾಗಲಿ ಕೊಟ್ಟರೆ ಪ್ರಯೋಜನವಿಲ್ಲ. ಆಂಟಿಯ ತಮ್ಮ ಕೊಡಬೇಕು. ಅವರು ಇನ್ನೂ ಯೋಚನೆ ಮಾಡುತ್ತಿದ್ದಾರೆ.