ಹಳೆಯ ಫುಟ್‌ಬಾಲ್ ಆಟಗಾರರಿಗೆ ನೆರವು: ಮೊದಲು ಟ್ರಂಕು ತೆರೆಯಿರಿ

ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್, ಹಲಸೂರು. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಈ ಬೀದಿಗಳಲ್ಲಿ. ಮೈಸೂರು ರಾಜ್ಯದ ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ರಾಜ್ಯ ತಂಡಗಳ ನಡುವಿನ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ಅದು ನಮ್ಮ ಕೈಗೆ ಬಂದದ್ದು 2023ರಲ್ಲಿ. ಆ ಹಳೆಯ ಪೀಳಿಗೆಯ ಆಟಗಾರರು ಈಗ ಸವೆದ ಮಂಡಿಯ ನೋವು ನುಂಗಿಕೊಂಡು ಮನೆಯ ಜಗಲಿಯಲ್ಲಿ ಕುಳಿತಿದ್ದಾರೆ. ಔಷಧಕ್ಕೆ ದುಡ್ಡಿಲ್ಲದಿದ್ದರೂ ಬಾಯಿಬಿಟ್ಟು ಕೇಳುವವರಲ್ಲ. ಹಾಗಾಗಿ ಇದನ್ನು ಬರೆಯುತ್ತಿರುವುದು ಅವರ ಮಗಳಿಗಾಗಿ, ಅಳಿಯನಿಗಾಗಿ, ಮೊಬೈಲ್ ಬಳಸಲು ಬಲ್ಲ ಪಕ್ಕದ ಮನೆಯ ಹುಡುಗನಿಗಾಗಿ.

ಮೊದಲ ಕೆಲಸ, ಟ್ರಂಕು ತೆರೆಯುವುದು. ‘ನಿಮ್ಮ ಕಷ್ಟ ಏನು’ ಎಂದು ಕೇಳಿದರೆ ಅವರು ಮಾತು ಮುಗಿಸಿಬಿಡುತ್ತಾರೆ. ‘ಯಾವ ವರ್ಷ, ಯಾವ ಊರಲ್ಲಿ, ಯಾರ ವಿರುದ್ಧ ಆಡಿದಿರಿ’ ಎಂದು ಕೇಳಿ, ಸಂಜೆಯವರೆಗೂ ಹೇಳುತ್ತಾರೆ. ಅದನ್ನು ಬರೆದುಕೊಳ್ಳಿ. ಟೂರ್ನಿಯ ಪ್ರಮಾಣಪತ್ರ, ತಂಡದ ಚಿತ್ರ, ಪತ್ರಿಕೆಯ ತುಣುಕು, ನೇಮಕದ ಆದೇಶ ಎಲ್ಲವನ್ನೂ ಹೊರಗೆ ತೆಗೆದು ಚಿತ್ರ ಹಿಡಿದಿಟ್ಟುಕೊಳ್ಳಿ. ಪ್ರಮಾಣಪತ್ರ ಗೆದ್ದಲಿಗೆ ಹೋಗಿದ್ದರೆ, ಬರೆದುಕೊಂಡ ವರ್ಷ ಮತ್ತು ಟೂರ್ನಿಯ ವಿವರದೊಂದಿಗೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿರುವ ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ದೃಢೀಕರಣ ಪತ್ರ ಕೋರಿ ಲಿಖಿತ ಮನವಿ ಕೊಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಹಿಂದಿರುಗಬೇಡಿ.

ಎರಡನೆಯದು ಹೆಸರು. ಬಹಳಷ್ಟು ಅರ್ಜಿಗಳು ಮುಗ್ಗರಿಸುವುದು ಇಲ್ಲಿಯೇ. ಪ್ರಮಾಣಪತ್ರದಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ತಂದೆಯ ಹೆಸರು ಹಿಂದೆ, ಬ್ಯಾಂಕ್ ಪುಸ್ತಕದಲ್ಲಿ ಬೇರೆಯೇ ಕಾಗುಣಿತ. ಮೈದಾನದಲ್ಲಿ ಕರೆಯುತ್ತಿದ್ದ ಅಡ್ಡಹೆಸರೇ ದಾಖಲೆಗೆ ಸೇರಿರುವುದೂ ಉಂಟು. ಈ ಎಲ್ಲ ಹೆಸರುಗಳೂ ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರವನ್ನೂ ಪಡೆದಿಡಿ.

ಇನ್ನು ಯಾವ ಬಾಗಿಲು ತಟ್ಟಬೇಕು? ಎಲ್ಲರೂ ಕ್ರೀಡಾ ಇಲಾಖೆಗೆ ಓಡುತ್ತಾರೆ. ನಾನು ಮೊದಲು ಭವಿಷ್ಯ ನಿಧಿಯ (ಪಿಎಫ್) ಕಡೆಗೆ ನೋಡಿ ಎನ್ನುತ್ತೇನೆ. ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದದ್ದೇ 1996ರಲ್ಲಿ. ಅದಕ್ಕೂ ಮೊದಲು ನಮ್ಮ ನಗರದಲ್ಲಿ ವೃತ್ತಿಪರ ಆಟಗಾರ ಎಂದರೆ ಐಟಿಐ, ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂತಹ ಕಾರ್ಖಾನೆಯ ನೌಕರ. ಬೆಳಿಗ್ಗೆ ಹಾಜರಿ, ಸಂಜೆ ಮೈದಾನ. ಹಾಗಾಗಿ ಆಟ ಅವರಿಗೆ ಏನು ಕೊಟ್ಟಿತೋ ಬಿಟ್ಟಿತೋ, ಉದ್ಯೋಗ ಒಂದು ಹಕ್ಕನ್ನು ಕೊಟ್ಟಿರಬಹುದು. 1995ರ ನವೆಂಬರ್‌ನಲ್ಲಿ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ 10 ವರ್ಷ ಸೇವೆ ಮಾಡಿದವರಿಗೆ ಪಿಂಚಣಿ ಇದೆ. 2014ರಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ತೀರಾ ಕಡಿಮೆ ಎಂಬುದು ನಿಜ, ಆದರೆ ಇದು ದಾನವಲ್ಲ, ದುಡಿದು ಗಳಿಸಿದ್ದು. ಪಿಂಚಣಿದಾರ ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ ಸಿಗುತ್ತದೆ. ಅರ್ಜಿಯನ್ನೇ ಹಾಕದೆ ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ರಾಜಾರಾಮ್ ಮೋಹನ್ ರಾಯ್ ರಸ್ತೆಯ ಭವಿಷ್ಯ ನಿಧಿ ಕಚೇರಿಗೆ ಹಳೆಯ ಪಿಎಫ್ ಸಂಖ್ಯೆ ಹಿಡಿದು ಹೋಗಿ; ವೇತನ ಚೀಟಿಯಲ್ಲಿ ಅದು ಇರುತ್ತದೆ. ಬರುತ್ತಿದ್ದ ಪಿಂಚಣಿ ನಿಂತಿದ್ದರೆ, ಜೀವನ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ನೋಡಿ. ಅದನ್ನು ವರ್ಷದ ಯಾವ ತಿಂಗಳಲ್ಲಾದರೂ ಮೊಬೈಲ್‌ನಲ್ಲಿ ಮುಖ ತೋರಿಸಿ ಸಲ್ಲಿಸಬಹುದು. ಮುಂದಿನ 12 ತಿಂಗಳು ನಡೆಯುತ್ತದೆ.

ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ಎಂಬ ಸೇನಾ ತಂಡಗಳಿಗೆ ಆಡಿದ ಸೈನಿಕರ ದಾರಿ ಬೇರೆ, ಅವರಿಗೆ ಸೇನೆಯ ಪಿಂಚಣಿ ಇದೆ.

ಆಮೇಲೆ ಕೇಂದ್ರ ಕ್ರೀಡಾ ಸಚಿವಾಲಯ. 1982ರಲ್ಲಿ ಸ್ಥಾಪನೆಯಾದ, ಈಗ ಪಂಡಿತ್ ದೀನದಯಾಳ್ ಉಪಾಧ್ಯಾಯರ ಹೆಸರಿನಲ್ಲಿರುವ ರಾಷ್ಟ್ರೀಯ ಕ್ರೀಡಾಪಟುಗಳ ಕಲ್ಯಾಣ ನಿಧಿಯಿಂದ, ಬಡತನದಲ್ಲಿರುವ ಸಾಧಕ ಆಟಗಾರರಿಗೆ 5 ಲಕ್ಷ ರೂಪಾಯಿವರೆಗೆ, ಚಿಕಿತ್ಸೆಗೆ 10 ಲಕ್ಷದವರೆಗೆ ನೆರವು ಸಿಗುತ್ತದೆ. 2022ರಿಂದ ಆಟಗಾರರೇ ಸಚಿವಾಲಯದ ಜಾಲತಾಣದಲ್ಲಿ ನೇರವಾಗಿ ಅರ್ಜಿ ಹಾಕಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಲಿ, ಒಟಿಪಿ ಬರುವುದು ಅದಕ್ಕೇ. ಆಡಿದ್ದಕ್ಕೂ ಕಷ್ಟಕ್ಕೂ ಎರಡಕ್ಕೂ ಕಾಗದ ಜೋಡಿಸಿ. ಆಸ್ಪತ್ರೆಯ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಒಪ್ಪವಾಗಿಡಿ.

ಅದೇ ಸಚಿವಾಲಯದ ಇನ್ನೊಂದು ಯೋಜನೆ ಪದಕ ವಿಜೇತರ ಮಾಸಿಕ ಪಿಂಚಣಿ, 1994ರದ್ದು. ಏಷ್ಯನ್ ಕ್ರೀಡಾಕೂಟದ ಚಿನ್ನಕ್ಕೆ 14,000, ಬೆಳ್ಳಿ ಅಥವಾ ಕಂಚಿಗೆ 12,000 ರೂಪಾಯಿ ಎಂದು 2018ರಲ್ಲಿ ನಿಗದಿಯಾಯಿತು. ಆದರೆ ಭಾರತದ ಫುಟ್‌ಬಾಲ್‌ಗೆ ಏಷ್ಯನ್ ಕ್ರೀಡಾಕೂಟದ ಪದಕ ಬಂದದ್ದು 1951, 1962 ಮತ್ತು 1970ರಲ್ಲಿ ಮಾತ್ರ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಮ್ಮ ರಾಜ್ಯದ ಆಟಗಾರ ಕೆಂಪಯ್ಯ ಇದ್ದ ಭಾರತ ತಂಡ ನಾಲ್ಕನೆಯ ಸ್ಥಾನ ಪಡೆಯಿತು; ಇಂದಿಗೂ ಅದು ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಅತಿ ದೊಡ್ಡ ಸಾಧನೆ. ಆ ನಾಲ್ಕನೆಯ ಸ್ಥಾನಕ್ಕೆ ಈ ಯೋಜನೆಯಲ್ಲಿ ಜಾಗವಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಪದಕವಿಲ್ಲದವರು ಈ ಅರ್ಜಿಗೆ ಸಮಯ ಕಳೆಯದೆ ಕಲ್ಯಾಣ ನಿಧಿಯನ್ನೇ ನೆಚ್ಚಿಕೊಳ್ಳಲಿ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಲ್ಲಿ ಮಾಸಾಶನದ ಬಗ್ಗೆಯೂ ವಿಚಾರಿಸಿ.

ಚಿಕಿತ್ಸೆಯ ಮಾತಿಗೆ ಬಂದರೆ, ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆಸ್ಪತ್ರೆಗೆ ಸೇರಿದ ಮೇಲೆ ಈ ಯೋಜನೆಯ ಕಾರ್ಡಿಗೆ ಓಡಾಡುವುದು ನರಕಯಾತನೆ. ಈ ವಾರವೇ ಮಾಡಿಸಿ. ಮೊಣಕಾಲು ಮುರಿದು ಮೂವತ್ತಕ್ಕೇ ಆಟ ಬಿಟ್ಟವರಿದ್ದರೆ, 2024ರ ಆಗಸ್ಟ್‌ನಲ್ಲಿ ಶುರುವಾದ, ಕೇಂದ್ರ ಕ್ರೀಡಾ ಸಚಿವಾಲಯದ ‘ರೀಸೆಟ್’ ಕಾರ್ಯಕ್ರಮ ನೋಡಲಿ. 20ರಿಂದ 50 ವಯಸ್ಸಿನ ನಿವೃತ್ತ ಕ್ರೀಡಾಪಟುಗಳಿಗೆ ತರಬೇತಿ ಕೊಟ್ಟು ಉದ್ಯೋಗದ ದಾರಿ ತೋರಿಸುವುದು ಅದರ ಉದ್ದೇಶ.

ಸರ್ಕಾರದ ಹಣ ಬರುವವರೆಗೆ ಬಡಾವಣೆಯ ಕ್ಲಬ್ಬುಗಳು ಸಹಾಯಾರ್ಥ ಪಂದ್ಯ ಆಡಿಸಬಹುದು. ಸಂಗ್ರಹವಾದದ್ದನ್ನು ವೇದಿಕೆಯ ಮೇಲೆ ಕವರಿನಲ್ಲಿಟ್ಟು ಹಿರಿಯರ ಕೈಗೆ ಕೊಟ್ಟು ಫೋಟೊ ತೆಗೆಸಬೇಡಿ. ಅವರ ಬ್ಯಾಂಕ್ ಖಾತೆಗೆ ಹಾಕಿ, ಇಲ್ಲವೇ ಆಸ್ಪತ್ರೆಗೆ ನೇರವಾಗಿ ಕಟ್ಟಿ, ಲೆಕ್ಕವನ್ನು ಕ್ಲಬ್ಬಿನ ಫಲಕದಲ್ಲಿ ಅಂಟಿಸಿ.

ಕಡೆಯದಾಗಿ, ಎಲ್ಲಿಗೇ ಹೋದರೂ ಮೂಲ ಪ್ರತಿಗಳನ್ನು ತೋರಿಸಿ, ಕೊಟ್ಟುಬರಬೇಡಿ. ನನಗೆ ಪರಿಚಯದ ಗೋಲ್‌ಕೀಪರ್ ಒಬ್ಬರು ತಮ್ಮ ಏಕೈಕ ಪ್ರಮಾಣಪತ್ರವನ್ನು ಸ್ಮರಣ ಸಂಚಿಕೆಗೆಂದು ಯಾರಿಗೋ ಕೊಟ್ಟರು. ಸಂಚಿಕೆ ಅಚ್ಚಾಯಿತು, ಪ್ರಮಾಣಪತ್ರ ಮರಳಲಿಲ್ಲ. ಅರ್ಜಿ ತುಂಬಲು ಕುಳಿತ ದಿನ ನಮ್ಮ ಬಳಿ ಇದ್ದದ್ದು ಆ ಸಂಚಿಕೆಯ ಒಂದು ಪುಟ ಮಾತ್ರ. ಅದನ್ನೇ ಲಗತ್ತಿಸಿದೆವು.