ವಿದ್ಯುತ್ ಹಾಯಿದೋಣಿಯನ್ನು ಬಾಡಿಗೆಗೆ ಪಡೆಯುವ ಮುನ್ನ

ಕ್ರೊಯೇಷಿಯಾದ ಸ್ಪ್ಲಿಟ್ ನಗರದಿಂದ ಹೊರಟು ಬ್ರಾಚ್, ಹ್ವಾರ್, ವಿಸ್ ದ್ವೀಪಗಳನ್ನು ಒಂದು ವಾರದಲ್ಲಿ ಸುತ್ತಿಬರಲು ವಿದ್ಯುತ್ ಮೋಟಾರಿನ ಹಾಯಿ ಕ್ಯಾಟಮರಾನ್ ಚೆನ್ನಾಗಿ ಒಗ್ಗುತ್ತದೆ. ದ್ವೀಪಗಳು ಹತ್ತಿರ ಹತ್ತಿರವಿದ್ದು, ಬೇಸಿಗೆಯ ಮಧ್ಯಾಹ್ನಗಳಲ್ಲಿ ವಾಯವ್ಯದಿಂದ ಬೀಸುವ ಮಾಯೆಸ್ತ್ರಾಲ್ ಗಾಳಿ ಹಾಯಿಗೆ ಅನುಕೂಲವಾಗಿರುತ್ತದೆ. ಜೋಡಿ ಒಡಲಿನ ಈ ದೋಣಿ ಹೆಚ್ಚು ವಾಲುವುದಿಲ್ಲವಾದ್ದರಿಂದ ಮಕ್ಕಳಿಗೂ ಹಿರಿಯರಿಗೂ ಹಿತ.

ಬಾಡಿಗೆಯ ಅವಧಿ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ದೋಣಿಯನ್ನು ತಾವೇ ನಡೆಸುವವರಿಗೆ ಅಲ್ಲಿ ಮಾನ್ಯವಾದ ಚಾಲನಾ ಪರವಾನಗಿಯೂ ಕಡಲಲ್ಲಿ ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೋ ಪ್ರಮಾಣಪತ್ರವೂ ಬೇಕು. ಇಲ್ಲದವರು ದೋಣಿ ನಡೆಸಲು ಸ್ಕಿಪ್ಪರನ್ನು, ಅಂದರೆ ನಾವಿಕರನ್ನು, ಗೊತ್ತುಮಾಡಿಕೊಳ್ಳಬೇಕು. ಅವರ ಊಟ, ಮಲಗುವ ವ್ಯವಸ್ಥೆ ನಮ್ಮದೇ ಆದ್ದರಿಂದ ಕೋಣೆಗಳನ್ನು ಎಣಿಸುವಾಗ ಅವರನ್ನು ಮರೆಯಬಾರದು. 2023ರ ಜನವರಿ 1ರಿಂದ ಕ್ರೊಯೇಷಿಯಾ ಒಂದೇ ವೀಸಾದಲ್ಲಿ ಸುತ್ತಬಹುದಾದ ಐರೋಪ್ಯ ದೇಶಗಳ ಷೆಂಗೆನ್ ವಲಯದಲ್ಲಿದೆ, ಹಣ ಯೂರೋ.

ದರ ಕೇಳುವ ಮೊದಲು ಬ್ಯಾಟರಿಯ ಸಾಮರ್ಥ್ಯ ಕೇಳುವುದು ಒಳ್ಳೆಯದು. 40 ಕಿಲೋವ್ಯಾಟ್-ಅವರ್ ಎಂದರೆ ನಮ್ಮ ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 40 ಯೂನಿಟ್. ಎರಡೂ ಮೋಟಾರು ಸೇರಿ 10 ಕಿಲೋವ್ಯಾಟ್ ಎಳೆದರೆ ಅದು ನಾಲ್ಕೇ ಗಂಟೆಗೆ ಮುಗಿಯುತ್ತದೆ. ಐದನೇ ಒಂದು ಪಾಲನ್ನು ಆಪತ್ಕಾಲಕ್ಕೆ ಮೀಸಲಿಟ್ಟರೆ ಉಳಿಯುವುದು ಮೂರು ಗಂಟೆ ಚಿಲ್ಲರೆ. 2 ಕಿಲೋವ್ಯಾಟಿನ ಎಸಿ ಎಂಟು ಗಂಟೆ ಎಡೆಬಿಡದೆ ಓಡಿದರೆ 16 ಯೂನಿಟ್ ಹೋಯಿತು. ಅನ್ನ-ಸಾರಿಗೆ ಹಚ್ಚುವ ಇಂಡಕ್ಷನ್ ಒಲೆಯ ಖರ್ಚು ಇದರ ಮುಂದೆ ಏನೇನೂ ಅಲ್ಲ.

ಹಾಯಿಯಲ್ಲಿ ಸಾಗುವಾಗ ಪ್ರೊಪೆಲ್ಲರ್ ನೀರಿನ ರಭಸಕ್ಕೆ ತಿರುಗಿ ಬ್ಯಾಟರಿ ತುಂಬಿಸುತ್ತದೆಂಬ ಜಾಹೀರಾತು ಸುಳ್ಳಲ್ಲ, ಆದರೆ ದೋಣಿಯ ವೇಗ ಅರ್ಧಕ್ಕಿಳಿದರೆ ಈ ಉತ್ಪಾದನೆ ಸುಮಾರು ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಆದ್ದರಿಂದ ಎರಡು-ಮೂರು ರಾತ್ರಿಗಳಿಗೊಮ್ಮೆಯಾದರೂ ದೋಣಿ ಕಟ್ಟಿ ಕರೆಂಟ್ ಪಡೆಯಬಹುದಾದ ಮರೀನಾದಲ್ಲಿ ತಂಗುವಂತೆ ದಾರಿ ಹಾಕಿಕೊಳ್ಳಬೇಕು. ಜಾಗ ಕಾದಿರಿಸುವಾಗ ಸಾಕೆಟ್ ಎಷ್ಟು ಆಂಪಿಯರಿನದೆಂದು ಕೇಳಿರಿ: 16 ಆಂಪಿಯರಿನಲ್ಲಿ ಸಿಗುವುದು ಸುಮಾರು ಮೂರೂವರೆ ಕಿಲೋವ್ಯಾಟ್, ಅಂದರೆ ಬರಿದಾದ ಬ್ಯಾಟರಿ ತುಂಬಲು ಇಡೀ ರಾತ್ರಿ ಬೇಕು, 32 ಆಂಪಿಯರಿದ್ದು, ದೋಣಿಯ ಚಾರ್ಜರ್ ಅದನ್ನು ಸ್ವೀಕರಿಸುವಂತಿದ್ದರೆ, ಅದರ ಅರ್ಧ ಹೊತ್ತು ಸಾಕು. ಈಶಾನ್ಯದಿಂದ ಬುರಾ ಗಾಳಿ ಅಬ್ಬರಿಸಿದಾಗ ಲೆಕ್ಕವೆಲ್ಲ ತಲೆಕೆಳಗಾಗಬಹುದು. ಮಕ್ಕಳಿದ್ದರೆ ಡೀಸೆಲ್ ಜನರೇಟರ್ ಕೂಡ ಇರುವ ದೋಣಿಯನ್ನೇ ನಾನು ಆರಿಸುತ್ತೇನೆ, ಪರಿಸರಪ್ರಿಯರು ಮುನಿದರೂ ಸರಿಯೇ.

ದೋಣಿ ವಹಿಸಿಕೊಳ್ಳುವಾಗ ಹಳೆಯ ಗೀರುಗಳ ಫೋಟೊ ತೆಗೆದಿಡಿ, ಠೇವಣಿ ಹಿಂದಿರುಗಿಸುವಾಗ ಅವು ಬೇಕಾಗುತ್ತವೆ. ಎರಡೂ ಮೋಟಾರುಗಳನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿ ನೋಡಿ. ಕೊನೆಗೆ ದಡದ ಕೇಬಲನ್ನು ನೀವೇ ಸಿಕ್ಕಿಸಿ, ಬ್ಯಾಟರಿಗೆ ಕರೆಂಟ್ ಹರಿಯುತ್ತಿರುವ ಅಂಕಿಯನ್ನು ಪರದೆಯ ಮೇಲೆ ಕಣ್ಣಾರೆ ಕಂಡ ನಂತರವೇ ಕಾಗದಕ್ಕೆ ಸಹಿ ಹಾಕಿ.